ಜನರಿಗೆ ನೆರವಾಗುವ ಕೆಲಸ ಬೇಕು, ಬಿಎಸ್‌ಡಬ್ಲ್ಯುನೋ, ಸೈಕಾಲಜಿನೋ?

ಈ ವಾರ ಉತ್ತರಿಸುವವರು: ಸಮಾಜಕಾರ್ಯ ಪಾಠ ಮಾಡಿ ನಿವೃತ್ತರಾದ ಪ್ರಾಧ್ಯಾಪಕಿ

ಪ್ರಶ್ನೆ: ಪಿಯುಸಿ ಆರ್ಟ್ಸ್‌ನಲ್ಲಿ 86% ಬಂದಿದೆ. ಜನರ ಕಷ್ಟ ಕೇಳುವ, ಅವರಿಗೆ ನೆರವಾಗುವ ಕೆಲಸ ಮಾಡಬೇಕು ಅಂತ ಆಸೆ. ಬಿಎಸ್‌ಡಬ್ಲ್ಯು (ಸಮಾಜಕಾರ್ಯದ ಪದವಿ) ಅಥವಾ ಸೈಕಾಲಜಿ ಓದುತ್ತೇನೆ ಅಂದರೆ ಅಪ್ಪ, ‘ಊರಲ್ಲೇ ಎಚ್‌ಇಪಿ (ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ) ಓದು, ಆಮೇಲೆ ಬಿಇಡಿ ಮಾಡು’ ಅನ್ನುತ್ತಾರೆ. ಸೋದರಮಾವ, ‘ಕೆಎಎಸ್‌ಗೆ ಎಚ್‌ಇಪಿನೇ ಬೆಸ್ಟ್’ ಅನ್ನುತ್ತಾರೆ. ನಮ್ಮೂರ ಕಾಲೇಜಿನಲ್ಲಿ ಬಿಎಸ್‌ಡಬ್ಲ್ಯುನೂ ಇಲ್ಲ, ಸೈಕಾಲಜಿನೂ ಇಲ್ಲ. ಯಾವುದನ್ನು ಮೇಜರ್ ಮಾಡಿಕೊಳ್ಳಲಿ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಸೋದರಮಾವನ ಮಾತು ಮೊದಲು ಮುಗಿಸಿಬಿಡೋಣ, ಅದು ಸುಲಭ. ಕೆಎಎಸ್‌ಗಾಗಲಿ ಐಎಎಸ್‌ಗಾಗಲಿ ಬೇಕಿರುವುದು ಒಂದು ಪದವಿ, ಅಷ್ಟೇ. ಯಾವುದಾದರೂ ಆಗುತ್ತೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಲಿಖಿತ 1750 ಅಂಕಗಳಲ್ಲಿ 500 ಐಚ್ಛಿಕ ವಿಷಯಕ್ಕೆ. ಆ ಪಟ್ಟಿಯಲ್ಲಿ ಇತಿಹಾಸ, ರಾಜ್ಯಶಾಸ್ತ್ರದ ಜೊತೆಗೆ ಸಮಾಜಶಾಸ್ತ್ರ, ಸೈಕಾಲಜಿಯೂ ಇವೆ. ಸಮಾಜಕಾರ್ಯ ಇಲ್ಲ. ಆದರೆ ಪದವಿಯಲ್ಲಿ ಓದಿದ್ದನ್ನೇ ತಗೊಳ್ಳಬೇಕು ಅನ್ನುವ ನಿಯಮವೂ ಇಲ್ಲ. ಪ್ರತಿ ಮನೆಯಲ್ಲೂ ಕೆಎಎಸ್ ಬಗ್ಗೆ ಹೇಳುವ ಒಬ್ಬ ಮಾವ ಇರುತ್ತಾರೆ. ನಮ್ಮ ಮನೆಯಲ್ಲೂ ಇದ್ದರು.

ಅಪ್ಪನ ಮಾತು ಹಾಗಲ್ಲ, ಅದರಲ್ಲಿ ಹುರುಳಿದೆ. ಬಿಇಡಿಯಲ್ಲಿ ಯಾವ ವಿಷಯದ ಬೋಧನೆ ಕಲಿಯಬಹುದು ಅನ್ನುವುದು ಪದವಿಯಲ್ಲಿ ಓದಿದ ವಿಷಯದ ಮೇಲೆ ನಿಂತಿದೆ. ಶಾಲೆಯಲ್ಲಿ ಸಮಾಜ ವಿಜ್ಞಾನ ಇದೆ, ಭಾಷೆ ಇದೆ. ಸೈಕಾಲಜಿ ಪೀರಿಯಡ್ ಇಲ್ಲ, ಸಮಾಜಕಾರ್ಯದ ಪೀರಿಯಡ್ ಇಲ್ಲ. ಹಾಗಾಗಿ ಮೇಷ್ಟ್ರ ಕೆಲಸವೂ ಕೈಗೆ ಸಿಗುವಂತೆ ಇರಲಿ ಅನ್ನುವವರು ಇತಿಹಾಸದಂಥ ಒಂದು ಶಾಲಾ ವಿಷಯವನ್ನಾದರೂ ಬಿಡಬಾರದು. ಈ ಒಂದು ಮಾತನ್ನು ಅಪ್ಪನಿಂದ ತಗೊಳ್ಳಿ.

ಇನ್ನು ‘ಮೇಜರ್’ ಅನ್ನುವ ಪದ. ಅದು 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ, ಅಂದರೆ ಎನ್‌ಇಪಿ ಜೊತೆ ನಮ್ಮ ಕಾಲೇಜುಗಳಿಗೆ ಬಂತು. 2024-25ರಿಂದ ರಾಜ್ಯದಲ್ಲಿ ಮತ್ತೆ 3 ವರ್ಷದ ಪದವಿ, ಮೂರು ವಿಷಯಗಳ ಕಾಂಬಿನೇಷನ್. ಆ ಮಧ್ಯದ ವರ್ಷಗಳಲ್ಲಿ ಸೇರಿದ ಅಕ್ಕಂದಿರ ಮಾತು ಕೇಳಿ ಗೊಂದಲ ಮಾಡಿಕೊಳ್ಳಬೇಡಿ. ನೀವೀಗ ಆರಿಸಬೇಕಿರುವುದು ಒಂದನ್ನಲ್ಲ, ಮೂರನ್ನು. ಇದರಿಂದ ನಿಮಗೆ ಲಾಭವೇ ಆಯಿತು. ಹೇಗೆ ಅಂತ ಹೇಳುತ್ತೇನೆ.

ನಿಮಗೆ ಇಷ್ಟವಾದ ಕೆಲಸಗಳಲ್ಲಿ ಬರೀ ಬಿಎಗಾಗಲಿ ಬರೀ ಬಿಎಸ್‌ಡಬ್ಲ್ಯುಗಾಗಲಿ ಹೆಚ್ಚು ಬೆಲೆ ಇಲ್ಲ. ಕೆಲಸ ಕೊಡಿಸುವುದು ಅದರ ಮುಂದಿನ ಪದವಿ. ಎಂಎಸ್‌ಡಬ್ಲ್ಯುಗೆ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿಗೆ, ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಯಾವುದೇ ಪದವಿಯವರು ಅರ್ಜಿ ಹಾಕಬಹುದು. ಸೈಕಾಲಜಿ ಎಂಎ ಹಾಗಲ್ಲ. ಹೆಚ್ಚಿನ ಕಡೆ ಪದವಿಯಲ್ಲೇ ಸೈಕಾಲಜಿ ಓದಿರಬೇಕು ಅನ್ನುತ್ತಾರೆ. ಅಂದರೆ ಸೈಕಾಲಜಿ ಓದಿದವರು ಆಮೇಲೆ ಮನಸ್ಸು ಬದಲಾಯಿಸಿ ಎಂಎಸ್‌ಡಬ್ಲ್ಯುಗೆ ಹೋಗಬಹುದು. ಬಿಎಸ್‌ಡಬ್ಲ್ಯು ಓದಿದವರು ಮನಸ್ಸು ಬದಲಾಯಿಸಿದರೆ ಸೈಕಾಲಜಿಗೆ ಹೋಗುವುದು ಕಷ್ಟ. ಹದಿನೆಂಟು ವರ್ಷಕ್ಕೆ ಮನಸ್ಸು ಬದಲಾಗುತ್ತೆ, ಅದು ತಪ್ಪೂ ಅಲ್ಲ.

ಆದ್ದರಿಂದ ಸೈಕಾಲಜಿ, ಸಮಾಜಶಾಸ್ತ್ರ, ಇತಿಹಾಸ ಮೂರೂ ಇರುವ ಕಾಂಬಿನೇಷನ್ ಎಲ್ಲಾದರೂ ಇದೆಯಾ ಅಂತ ಹುಡುಕಿ. ಇತಿಹಾಸದ ಬದಲು ಇಂಗ್ಲಿಷ್ ಅಥವಾ ಐಚ್ಛಿಕ ಕನ್ನಡ ಇದ್ದರೂ ಸರಿ. ಧಾರವಾಡ, ದಾವಣಗೆರೆ ಎರಡೂ ನಿಮಗೆ ದೂರವಲ್ಲ. ಬಿಸಿಎಂ ಹಾಸ್ಟೆಲ್‌ಗೆ ಅರ್ಜಿ ಕರೆಯುವ ದಿನ ನೋಡಿಕೊಂಡಿರಿ. ಎಷ್ಟೋ ಮಕ್ಕಳ ವಿಷಯ ನಿರ್ಧಾರ ಆಗುವುದು ಹಾಸ್ಟೆಲ್ ಸೀಟಿನಿಂದ.

ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಕಾಂಬಿನೇಷನ್ ಕಾಣಿಸಿತು ಅಂತ ಮಾತ್ರ ನಂಬಬೇಡಿ. ಕಾಲೇಜಿಗೇ ಹೋಗಿ. ಸೈಕಾಲಜಿಗೆ ಕಾಯಂ ಉಪನ್ಯಾಸಕರು ಇದ್ದಾರಾ, ಇಲ್ಲಾ ಪ್ರತಿ ವರ್ಷ ಅತಿಥಿ ಉಪನ್ಯಾಸಕರಿಗೆ ಕಾಯುತ್ತಾರಾ ಅಂತ ಕೇಳಿ. ಅತಿಥಿ ಉಪನ್ಯಾಸಕರು ಚೆನ್ನಾಗಿ ಪಾಠ ಮಾಡಲ್ಲ ಅಂತ ಅಲ್ಲ, ನಾನೂ ಐದು ವರ್ಷ ಅದೇ ಕೆಲಸ ಮಾಡಿದವಳು. ಆದರೆ ಅವರ ನೇಮಕ ಆಗುವಷ್ಟರಲ್ಲಿ ಅರ್ಧ ಸೆಮಿಸ್ಟರ್ ಮುಗಿದಿರುತ್ತೆ. ಲ್ಯಾಬ್ ತೋರಿಸಿ ಅನ್ನಿ. ಬೀಗ ತೆಗೆಯೋಕೆ ಕೀ ಹುಡುಕಾಡಿದರೆ ಅಲ್ಲೇ ಉತ್ತರ ಸಿಕ್ಕಿತು.

ಹೌದು, ಸೈಕಾಲಜಿಗೆ ಲ್ಯಾಬ್ ಇದೆ. ಎಷ್ಟೋ ಮಕ್ಕಳಿಗೆ ಇದು ಗೊತ್ತಿರುವುದೇ ಇಲ್ಲ. ಕನ್ನಡಿಯಲ್ಲಿ ಮಾತ್ರ ನೋಡುತ್ತ ನಕ್ಷತ್ರದ ಗೆರೆ ಮೇಲೆ ಪೆನ್ಸಿಲ್ ಓಡಿಸುವ ಪ್ರಯೋಗ ಅಂತ ಒಂದಿದೆ. ಕೈ ಬೇಡ ಅಂದ ಕಡೆಗೇ ಹೋಗುತ್ತೆ. ಎಷ್ಟು ಸಲಕ್ಕೆ ಎಷ್ಟು ತಪ್ಪು ಕಮ್ಮಿಯಾಯಿತು ಅಂತ ಲೆಕ್ಕ ಬರೆದು, ಗ್ರಾಫ್ ಹಾಕಬೇಕು. ಜೊತೆಗೆ ಸಂಖ್ಯಾಶಾಸ್ತ್ರ: ಸರಾಸರಿ, ವಿಚಲನೆ, ಸಹಸಂಬಂಧ. ‘ಮನಸ್ಸು ಓದೋದು ಕಲೀತೀನಿ’ ಅಂತ ಬಂದವರು ಎರಡನೇ ತಿಂಗಳಿಗೆ ಮುಖ ಸಣ್ಣ ಮಾಡಿಕೊಂಡು ಕೂತಿರುವುದನ್ನು ಪಕ್ಕದ ವಿಭಾಗದಿಂದ ತುಂಬ ನೋಡಿದ್ದೇನೆ.

ಇನ್ನೊಂದು ವಿಷಯವನ್ನು ಕಾಲೇಜಿನವರು ಸ್ಪಷ್ಟವಾಗಿ ಹೇಳುವುದಿಲ್ಲ. ಸೈಕಾಲಜಿ ಎಂಎ ಮುಗಿಸಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡ್ ಹಾಕುವ ಹಾಗಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ, ಒಪ್ಪಿದ ಕೋರ್ಸ್ ಮಾಡಿ ನೋಂದಣಿ ಮಾಡಿಸಬೇಕು. ಆ ಕೋರ್ಸುಗಳ ಹೆಸರು, ಸ್ವರೂಪ ಈಗ ಬದಲಾಗುತ್ತಿವೆ. ದುಡ್ಡು ಕಟ್ಟುವ ಮೊದಲು ಆ ಕಾಲೇಜು ಆರ್‌ಸಿಐ ಪಟ್ಟಿಯಲ್ಲಿದೆಯಾ ಅಂತ ನೀವೇ ನೋಡಿ. ‘ಊರಲ್ಲೇ ಇದ್ದು ದೂರಶಿಕ್ಷಣದಲ್ಲಿ ಸೈಕಾಲಜಿ ಮುಗಿಸು’ ಅನ್ನುವವರ ಮಾತನ್ನೂ ಕೇಳಬೇಡಿ. ಯುಜಿಸಿ 2025ರಲ್ಲಿ ದೂರಶಿಕ್ಷಣ ಮತ್ತು ಆನ್‌ಲೈನ್‌ನಲ್ಲಿ ಸೈಕಾಲಜಿಗೆ ಹೊಸ ಪ್ರವೇಶ ನಿಲ್ಲಿಸಿದೆ.

ಈಗ ಬಿಎಸ್‌ಡಬ್ಲ್ಯು. ಅದು ನನ್ನ ವಿಷಯ, ಹಾಗಾಗಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಬಿಎಸ್‌ಡಬ್ಲ್ಯುನಲ್ಲಿ ಪುಸ್ತಕಕ್ಕಿಂತ ಕ್ಷೇತ್ರಕಾರ್ಯ ದೊಡ್ಡದು. ವಾರದಲ್ಲಿ ಒಂದೆರಡು ದಿನ ಆಸ್ಪತ್ರೆಗೋ, ವೃದ್ಧಾಶ್ರಮಕ್ಕೋ, ಪಂಚಾಯಿತಿಗೋ, ಬಾಲಮಂದಿರಕ್ಕೋ ಕಳಿಸುತ್ತಾರೆ. ಬಂದು ವರದಿ ಬರೆಯಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ಮೊದಲ ವಾರ ವೃದ್ಧಾಶ್ರಮಕ್ಕೆ ಹೋಗಿದ್ದಳು. ಒಬ್ಬರು ಅಜ್ಜಿ, ‘ನೀನೂ ಫೋಟೋ ಹೊಡಕೊಂಡು ಹೋಗೋಕೆ ಬಂದ್ಯೇನವ್ವ?’ ಅಂತ ಕೇಳಿದರಂತೆ. ಹುಡುಗಿ ಬಸ್ಸಲ್ಲಿ ಅತ್ತುಕೊಂಡೇ ಬಂದಳು. ವರದಿಯಲ್ಲಿ ಮಾತ್ರ ಮೂರು ಪುಟ: ‘ವೃದ್ಧರು ಒಂಟಿತನದಿಂದ ಬಳಲುತ್ತಿದ್ದಾರೆ, ಸಮಾಜ ಅವರನ್ನು ಕಡೆಗಣಿಸಿದೆ.’ ಅಷ್ಟಕ್ಕೂ ಕೆಂಪು ಪೆನ್ನಲ್ಲಿ ಗೀಟು ಹಾಕಿ, ‘ಆ ಅಜ್ಜಿ ಹೆಸರೇನು? ಪೆನ್ಷನ್ ಬರುತ್ತಾ?’ ಅಂತ ಬರೆದೆ. ಮುಂದಿನ ವಾರ ಕೇಳಿಕೊಂಡು ಬಂದಳು. ಅಜ್ಜಿಯ ಸಂಧ್ಯಾ ಸುರಕ್ಷಾ ಹಣ ನಾಲ್ಕು ತಿಂಗಳಿಂದ ನಿಂತಿತ್ತು. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಈ ಹುಡುಗಿ ನಾಡಕಚೇರಿಗೆ ಮೂರು ಸಲ, ಬ್ಯಾಂಕಿಗೆ ಎರಡು ಸಲ ಹೋದಳು. ಮೂರನೇ ಸಲ ಹೋದಾಗ ಸರ್ವರ್ ಡೌನ್. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ದುಡ್ಡು ಬಂತು. ಅಜ್ಜಿ ಈಗಲೂ ಅವಳ ಹೆಸರು ತಪ್ಪಾಗಿಯೇ ಕರೆಯುತ್ತಾರಂತೆ.

ನೆರವಾಗುವ ಕೆಲಸ ಅಂದರೆ ಹೆಚ್ಚಿನ ದಿನ ಹೀಗೇ. ಕಾಗದ, ಕ್ಯೂ, ‘ನಾಳೆ ಬಾ’. ಇದನ್ನು ಓದಿ ‘ಅಯ್ಯೋ, ಇಷ್ಟೇನಾ’ ಅನ್ನಿಸಿದರೆ ಸೈಕಾಲಜಿ ಕಡೆ ಹೋಗಿ. ‘ಮೂರನೇ ಸಲ ನಾನೂ ಹೋಗುತ್ತಿದ್ದೆ’ ಅನ್ನಿಸಿದರೆ ನೀವು ನಮ್ಮವರು.

ಸಂಬಳದ ವಿಷಯ ಅಪ್ಪ ಕೇಳಿಯೇ ಕೇಳುತ್ತಾರೆ. ಎಂಎಸ್‌ಡಬ್ಲ್ಯು ಆದವರಿಗೆ ಮಕ್ಕಳ ರಕ್ಷಣಾ ಘಟಕ, ಎನ್‌ಜಿಒ, ಸರ್ಕಾರಿ ಯೋಜನೆಗಳಲ್ಲಿ ಕೆಲಸ ಸಿಗುತ್ತೆ. ಆದರೆ ಅವುಗಳಲ್ಲಿ ಬಹಳಷ್ಟು ಗುತ್ತಿಗೆ ಮೇಲಿನವು. ಸುಮ್ನೆ ಮುಚ್ಚಿಟ್ಟು ಪ್ರಯೋಜನವಿಲ್ಲ. ಇನ್ನೊಂದು ದಾರಿ ಕಾರ್ಖಾನೆ. 1948ರ ಕಾರ್ಖಾನೆ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಇರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕಿತ್ತು; 2025ರ ನವೆಂಬರ್‌ನಲ್ಲಿ ಆ ಕಾಯ್ದೆಯ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಎಂಎಸ್‌ಡಬ್ಲ್ಯು ಓದಿದವರು ಎಚ್‌ಆರ್ ವಿಭಾಗದಲ್ಲಿ ಇಷ್ಟೊಂದು ಕಾಣಿಸುವುದು ಈ ದಾರಿಯಿಂದ. ಆಸ್ಪತ್ರೆ ಕಡೆ ಒಲವಿದ್ದರೆ ಮನೋವೈದ್ಯಕೀಯ ಸಮಾಜಕಾರ್ಯ ಅಂತ ಬೇರೆ ಶಾಖೆಯೇ ಇದೆ, ನಿಮ್ಹಾನ್ಸ್‌ನಲ್ಲಿ ಅದಕ್ಕೊಂದು ವಿಭಾಗವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯಲ್ಲಿ ಮಾಡಿ ನೋಡಿದ ಮಾದರಿಯೇ ಆಮೇಲೆ ದೇಶಕ್ಕೆಲ್ಲ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಆ ತಂಡದಲ್ಲಿ ಡಾಕ್ಟರ ಜೊತೆ ಸೈಕಾಲಜಿಸ್ಟ್ ಕೂಡ ಇರುತ್ತಾರೆ, ಸಮಾಜ ಕಾರ್ಯಕರ್ತರೂ ಇರುತ್ತಾರೆ. ನೀವು ಕೇಳುತ್ತಿರುವ ಎರಡೂ ಕೆಲಸ ಒಂದೇ ಕೋಣೆಯಲ್ಲಿ ನೋಡಲು ಸಿಗುತ್ತೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮಾನಸಿಕ ಆರೋಗ್ಯದ ‘ಮನೋಚೈತನ್ಯ’ ಕ್ಲಿನಿಕ್ ನಡೆಯುತ್ತಾ ಅಂತ ವಿಚಾರಿಸಿ. ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ಆದರೆ ಮಧ್ಯಾಹ್ನ ರಶ್ ಕಮ್ಮಿಯಾದ ಮೇಲೆ ಅಲ್ಲಿನ ಸಿಬ್ಬಂದಿಯನ್ನು ಹತ್ತು ನಿಮಿಷ ಮಾತಾಡಿಸಬಹುದು. ಅಪ್ಪನನ್ನೂ ಕರೆದುಕೊಂಡು ಹೋಗಿ.

ಹಾಸ್ಟೆಲ್ ಸಿಗಲಿಲ್ಲ, ಹೊರಗೆ ಕಳಿಸೋಕೆ ಮನೆಯಲ್ಲಿ ಒಪ್ಪಲಿಲ್ಲ ಅಂತಿಟ್ಟುಕೊಳ್ಳಿ. ಆಗ ಊರಲ್ಲೇ ಸಮಾಜಶಾಸ್ತ್ರ ಇರುವ ಕಾಂಬಿನೇಷನ್ ತಗೊಂಡು ಓದಿ, ಆಮೇಲೆ ಎಂಎಸ್‌ಡಬ್ಲ್ಯುಗೆ ಹೊರಡಿ. ಸೋತ ಹಾಗೇನಲ್ಲ. ನನ್ನ ಒಳ್ಳೆಯ ವಿದ್ಯಾರ್ಥಿಗಳಲ್ಲಿ ಅರ್ಧ ಜನ ಹಾಗೆ ಬಂದವರೇ.

ಪ್ರಶ್ನೆ: ಮಗ ಸೈನ್ಸ್ ಪಿಯುಸಿ ಪಾಸಾಗಿದ್ದಾನೆ, 61%. ನೋಟ್ ಪುಸ್ತಕದ ಹಿಂದೆಲ್ಲ ಚಿತ್ರವೇ. ಆರ್ಟ್ ಕಾಲೇಜಿಗೆ ಸೇರುತ್ತೇನೆ ಅಂತ ಹಟ ಮಾಡುತ್ತಿದ್ದಾನೆ. ಬಿಎಗೆ ಸೇರಿಸಿ ಚಿತ್ರಕಲೆ ಹವ್ಯಾಸ ಮಾಡಿಕೊಳ್ಳಲು ಹೇಳಲಾ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಇದು ನನ್ನ ಕ್ಷೇತ್ರವಲ್ಲ, ಚಿತ್ರಕಲೆ ಕಲಿಸುವ ಗೆಳತಿಯನ್ನು ಕೇಳಿ ಬರೆಯುತ್ತಿದ್ದೇನೆ. ಅವಳು ಮೊದಲು ಕೇಳಿದ್ದು, ‘ಹುಡುಗ ನೋಡಿ ಬರೀತಾನೋ, ಮೊಬೈಲ್ ಫೋಟೋ ಕಾಪಿ ಮಾಡ್ತಾನೋ?’ ಅಂತ. ಬಸ್ ಸ್ಟ್ಯಾಂಡಲ್ಲಿ ಕೂತು ಅಲ್ಲಿನ ಜನರನ್ನೇ ನೋಡಿ ಹತ್ತು ಸ್ಕೆಚ್ ಹಾಕಲಿ. ಸಿನಿಮಾ ನಟರ ಪೆನ್ಸಿಲ್ ಚಿತ್ರಕ್ಕೆ ಮನೆಯಲ್ಲಿ ಚಪ್ಪಾಳೆ ಸಿಗುತ್ತೆ, ಪ್ರವೇಶ ಪರೀಕ್ಷೆಯಲ್ಲಿ ಅದು ಕೆಲಸಕ್ಕೆ ಬರಲ್ಲ.

ಬಿವಿಎ, ಅಂದರೆ ದೃಶ್ಯಕಲೆಯ ಪದವಿ, 4 ವರ್ಷದ್ದು. ಶುರುವಿನಲ್ಲಿ ಎಲ್ಲರಿಗೂ ಒಂದೇ ತಳಪಾಯದ ಪಾಠ, ಆಮೇಲೆ ಚಿತ್ರಕಲೆ, ಶಿಲ್ಪ, ಅನ್ವಯ ಕಲೆ ಅಂತ ಕವಲು. ಜಾಹೀರಾತು, ಪುಸ್ತಕ ವಿನ್ಯಾಸ, ಗ್ರಾಫಿಕ್ಸ್ ಕೆಲಸಗಳು ಅನ್ವಯ ಕಲೆಯ ಕಡೆ ಹೆಚ್ಚು. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ದೃಶ್ಯಕಲಾ ಕಾಲೇಜು ಕಾವಾ ಹೆಸರು ಎಲ್ಲರೂ ಹೇಳುತ್ತಾರೆ. ನಿಮಗೆ ಹತ್ತಿರದ ದಾವಣಗೆರೆಯಲ್ಲೇ ದೃಶ್ಯಕಲಾ ಮಹಾವಿದ್ಯಾಲಯ ಇದೆ, ಅದನ್ನು ಮರೆಯುತ್ತಾರೆ. ಫೀಸಿನ ಜೊತೆ ಬಣ್ಣ, ಕ್ಯಾನ್ವಾಸ್, ಕಾಗದದ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಹವ್ಯಾಸದ ಮಾತು ಬೇಡಮ್ಮ. 61% ತಂದ ಹುಡುಗ ಇಷ್ಟವಿಲ್ಲದ ಬಿಎಯಲ್ಲಿ ಇನ್ನೂ ಕೆಳಗೆ ಹೋದಾನು.

ಪ್ರಶ್ನೆ: ಐಚ್ಛಿಕ ಕನ್ನಡ ತಗೊಳ್ಳಬೇಕು ಅಂತಿದ್ದೇನೆ. ಗೆಳೆಯರು, ‘ಕನ್ನಡ ಓದಿ ಏನ್ ಮಾಡ್ತಿಲೇ, ಮಾಸ್ತರಾಗೋದು ಬಿಟ್ರ?’ ಅಂತ ನಗುತ್ತಾರೆ. ಏನು ಹೇಳಲಿ?
– ಆಳಂದದ ವಿದ್ಯಾರ್ಥಿ

ಉತ್ತರ: ಮಾಸ್ತರಾಗುವುದೇನು ಸಣ್ಣ ಕೆಲಸವೇ? ಎಂಎಯಲ್ಲಿ 55% ತೆಗೆದು, ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆಸೆಟ್ ಪಾಸಾಗಿ ನೋಡಲಿ ಆ ಗೆಳೆಯರು. ಮೀಸಲಾತಿ ಇರುವವರಿಗೆ 50% ಸಾಕು.

ಬೇರೆ ದಾರಿಗಳೂ ಇವೆ. ಕನ್ನಡದ ಜೊತೆ ಇತಿಹಾಸ ತಗೊಂಡರೆ ಶಾಸನಗಳ ಕಡೆ ಹೋಗಬಹುದು. ಭಾರತೀಯ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಮೈಸೂರಿನಲ್ಲೇ ಇದೆ. ಹಳೆಯ ಲಿಪಿ ಓದಬಲ್ಲವರು ಕಮ್ಮಿಯಾಗುತ್ತಿದ್ದಾರೆ. ನಿಮ್ಮ ಸೀಮೆಯ ಗುಡಿಗಳಲ್ಲಿ ಎಷ್ಟು ಕಲ್ಲುಗಳು ಸುಣ್ಣ ಹೊಡೆಸಿಕೊಂಡು ನಿಂತಿವೆ ಅಂತ ನಿಮಗೇ ಗೊತ್ತಿರುತ್ತೆ. ಕನ್ನಡದ ಜೊತೆ ಇಂಗ್ಲಿಷ್ ಗಟ್ಟಿಯಿದ್ದರೆ ಅನುವಾದ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ರಾಷ್ಟ್ರೀಯ ಅನುವಾದ ಮಿಷನ್ ನಡೆಸುತ್ತದೆ. ಡಬ್ಬಿಂಗ್, ಸಬ್‌ಟೈಟಲ್, ಆ್ಯಪ್‌ಗಳ ಕನ್ನಡ ಅಂತ ಖಾಸಗಿ ಕೆಲಸವೂ ಬಂದಿದೆ. ಎಟಿಎಂ ಪರದೆಯ ಕನ್ನಡ ಓದಿ ನಕ್ಕವರಿಗೆ ಅಲ್ಲಿ ಒಳ್ಳೆಯ ಕನ್ನಡದವರು ಎಷ್ಟು ಬೇಕಾಗಿದ್ದಾರೆ ಅಂತ ಬಿಡಿಸಿ ಹೇಳಬೇಕಿಲ್ಲ. ಮುಂದೆ ಎಂಎ ಅಂದಾಗ ನಿಮ್ಮ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಪ್ರವೇಶ ಸಿಯುಇಟಿ ಅನ್ನುವ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಮೂಲಕ.

ಸೇರುವ ಮೊದಲು ಒಂದು ಕೆಲಸ ಮಾಡಿ. ಕೊನೆಯ ವರ್ಷದ ಸೀನಿಯರ್ ಒಬ್ಬರ ಹಳಗನ್ನಡ ಪಠ್ಯ ಇಸಕೊಂಡು, ಒಂದು ಪದ್ಯವನ್ನು ಗಟ್ಟಿಯಾಗಿ ನಾಲ್ಕು ಸಲ ಓದಿ. ಅರ್ಥ ಆಗುವುದಿಲ್ಲ, ಪರವಾಗಿಲ್ಲ. ಐದನೇ ಸಲ ಓದೋಕೆ ಮನಸ್ಸಾಯಿತಾ ಅಂತ ನೋಡಿಕೊಳ್ಳಿ. ಆಗದಿದ್ದರೆ ಕನ್ನಡವನ್ನು ಭಾಷಾ ವಿಷಯವಾಗಿಯೇ ಇಟ್ಟುಕೊಂಡು, ಐಚ್ಛಿಕದ ಜಾಗಕ್ಕೆ ಅರ್ಥಶಾಸ್ತ್ರ ತಗೊಳ್ಳಿ.