ಸಂಬಳ, ಪಿಂಚಣಿ, ಆಸ್ತಿ: ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಅಮೆರಿಕದ ಕಪ್ಪುವರ್ಣೀಯರ ಮತ್ತು ಬಿಳಿಯರ ಸಂಪತ್ತಿನ ಅಂತರದ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ನಿಮ್ಮ ಸಿಟ್ಟು ನ್ಯಾಯವಾದದ್ದೇ, ಆದರೆ ಅದು ಲೆಕ್ಕವನ್ನು ನುಂಗಿಹಾಕಿದೆ.

ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್‌ನ 2022ರ ಸಮೀಕ್ಷೆಯ ಅಂಕಿಗಳನ್ನು ಸರಿಯಾಗಿಯೇ ಕೊಟ್ಟಿದ್ದೀರಿ: ಬಿಳಿಯ ಕುಟುಂಬದ ಸಂಪತ್ತಿನ ಮಧ್ಯಾಂಕ (ಅರ್ಧ ಕುಟುಂಬಗಳು ಇದಕ್ಕಿಂತ ಮೇಲೆ, ಅರ್ಧ ಕೆಳಗೆ) 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಮರುಸಾಲಿನಲ್ಲೇ ಇದಕ್ಕೆ ‘ಸಂಬಳದ ತಾರತಮ್ಯ’ವೇ ಕಾರಣ ಎಂದು ತೀರ್ಪು ಕೊಡುತ್ತೀರಿ. ಆದಾಯದಲ್ಲಿ ಕಪ್ಪು ಕುಟುಂಬ ಬಿಳಿಯರ ಸುಮಾರು ಮೂರನೇ ಎರಡರಷ್ಟನ್ನು ಮುಟ್ಟುತ್ತದೆ. ಸಂಪತ್ತಿನಲ್ಲಿ ಆರನೇ ಒಂದರಷ್ಟನ್ನೂ ಮುಟ್ಟುವುದಿಲ್ಲ. ಮನೆ, ಷೇರು, ಹಿರಿಯರು ಬಿಟ್ಟುಹೋದ ಹಣ ನಿಮ್ಮ ಲೇಖನದಲ್ಲಿ ಎಲ್ಲಿವೆ?

‘ಮುಪ್ಪಿನಲ್ಲಿ ಸರ್ಕಾರ ಅವರ ಕೈಬಿಟ್ಟಿದೆ’ ಎಂಬ ಮಾತು ನಿಲ್ಲುವುದಿಲ್ಲ. ಅಲ್ಲಿನ ಸರ್ಕಾರ ದುಡಿಮೆಗಾರರಿಗೆ ಕೊಡುವ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯನ್ನು ಹೆಚ್ಚು ಗಳಿಸಿದ 35 ವರ್ಷಗಳ ಗಳಿಕೆಯ ಸರಾಸರಿಯ ಮೇಲೆ ಕಟ್ಟುತ್ತಾರೆ. ಆ ಸರಾಸರಿಯ ಕೆಳಗಿನ ಹಂತಕ್ಕೆ ಶೇ. 90, ಮುಂದಿನದಕ್ಕೆ ಶೇ. 32, ಅದರ ಮೇಲಿನದಕ್ಕೆ ಶೇ. 15 ದರ. ಹಾಗಾಗಿ ಕಡಿಮೆ ಸಂಬಳದವರಿಗೆ ದುಡಿಮೆಯ ದೊಡ್ಡ ಪಾಲು ಮರಳುತ್ತದೆ. ನೀವು ಉಲ್ಲೇಖಿಸಿದ ಸಮೀಕ್ಷೆ ಈ ಹಕ್ಕನ್ನು ಸಂಪತ್ತೆಂದು ಎಣಿಸುವುದೇ ಇಲ್ಲ. ಎಣಿಸಿದರೆ ಅಂತರ ಕಿರಿದಾಗುತ್ತದೆ.

ಹಾಗೆಂದು ಎದುರು ದಡಕ್ಕೆ ಹಾರಬೇಡಿ. ಈ ಪಿಂಚಣಿಯನ್ನು ಮಾರಲಾಗದು, ಅಡವಿಡಲಾಗದು, ಮೊಮ್ಮಕ್ಕಳಿಗೆ ಆಸ್ತಿಯಾಗಿ ಬರೆದುಕೊಡಲಾಗದು. 35 ವರ್ಷ ತುಂಬದಿದ್ದರೆ ಕೆಲಸವಿಲ್ಲದ ವರ್ಷಗಳು ಸೊನ್ನೆಯಾಗಿ ಸರಾಸರಿಗೆ ಸೇರುತ್ತವೆ. ಸರಾಸರಿ ಆಯುಷ್ಯ ಕಡಿಮೆಯಿರುವುದರಿಂದ ಕಪ್ಪುವರ್ಣೀಯರು ಅದನ್ನು ಪಡೆಯುವ ವರ್ಷಗಳೂ ಕಡಿಮೆ; ಅಂಗವಿಕಲರಿಗೆ ಮತ್ತು ಮೃತರ ಅವಲಂಬಿತರಿಗೆ ಸಿಗುವ ಭತ್ಯೆ ಆ ನಷ್ಟವನ್ನು ಸ್ವಲ್ಪ ತುಂಬುತ್ತದೆ.

ನಿಜವಾದ ಲೇಖನ ನಿಮ್ಮ ಒಂದೇ ಸಾಲಿನಲ್ಲಿ ಅಡಗಿದೆ: ಈ ಪಿಂಚಣಿಯನ್ನು ತಂದ 1935ರ ಕಾಯಿದೆ ಕೃಷಿಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಕಪ್ಪು ದುಡಿಮೆಗಾರರಲ್ಲಿ ಹೆಚ್ಚಿನವರು ಇದ್ದದ್ದು ಈ ಎರಡು ಕಸುಬುಗಳಲ್ಲೇ. ಬಹುಪಾಲು ಕಪ್ಪು ಜನ ಉದುರಿಹೋಗುವಷ್ಟು ತೂತುಗಳಿರುವ ಜರಡಿ ಇದು ಎಂದು ಕಪ್ಪುವರ್ಣೀಯರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆ ಎನ್‌ಎಎಸಿಪಿ ಪರವಾಗಿ ವಕೀಲ ಚಾರ್ಲ್ಸ್ ಹ್ಯೂಸ್ಟನ್ ಸೆನೆಟ್ ಸಮಿತಿಯ ಮುಂದೆ ಆಗಲೇ ಹೇಳಿದ್ದರು. ಆ ಕಸುಬುಗಳಲ್ಲಿ ಖಾಯಂ ಕೆಲಸವಿದ್ದವರಿಗೆ ಬಾಗಿಲು ತೆರೆದದ್ದು 1950ರ ತಿದ್ದುಪಡಿ. ಹೊರಗಿಟ್ಟದ್ದು ವರ್ಣದ್ವೇಷದಿಂದಲೋ, ಪಿಂಚಣಿಗಾಗಿ ಸಂಬಳದಿಂದ ತೆರಿಗೆ ವಸೂಲಿ ಮಾಡುವ ತೊಡಕಿನಿಂದಲೋ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆ ಜಗಳವನ್ನೂ ಓದುಗರ ಮುಂದಿಡಿ.

ಗುಲಾಮಗಿರಿಯ ಕುರಿತ ಮೊದಲ ಎರಡು ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ. ಕೊನೆಯ ಕವನವನ್ನು ತೆಗೆಯಿರಿ. ಅದು ಚೆನ್ನಾಗಿಯೂ ಇಲ್ಲ. ತಿದ್ದಿ ಕಳುಹಿಸಿದರೆ ಮತ್ತೆ ಓದುತ್ತೇನೆ.

ಸಂಪಾದಕ