ಕಮೋಡಿನ ನೀರು ಸಿಡಿದ ದಿನದಿಂದ ಮಗಳನ್ನು ಮುಟ್ಟಿಲ್ಲ

ಪ್ರಶ್ನೆ: ನಾಲ್ಕು ದಿನದ ಹಿಂದೆ ಮನೆಯ ಕಮೋಡು ಕಟ್ಟಿಕೊಂಡಿತ್ತು. ಪ್ಲಂಬರ್ ಸಿಗಲಿಲ್ಲ, ನಾನೇ ರಬ್ಬರ್ ಪಂಪು ಹಾಕಿ ಒತ್ತಿದೆ. ನೀರು ಕೈಗೆ, ಮುಖಕ್ಕೆ ಸಿಡಿಯಿತು. ಅವತ್ತಿನಿಂದ ದಿನಕ್ಕೆ ಮೂರು ಸಲ ಸ್ನಾನ, ಲೆಕ್ಕವಿಲ್ಲದಷ್ಟು ಸಲ ಡೆಟಾಲ್ ಹಾಕಿ ಕೈ ತೊಳೆಯುತ್ತೇನೆ. ಹುಣಸೆಹಣ್ಣು ಕಿವುಚಿದರೆ ಕೈ ಉರಿಯುತ್ತದೆ. ಒಂದೂವರೆ ವರ್ಷದ ಮಗಳನ್ನು ಅತ್ತೆಯೇ ನೋಡಿಕೊಳ್ಳುತ್ತಿದ್ದಾರೆ. ಗಂಡ ನಗುತ್ತಾರೆ. ನನಗೆ ರೋಗ ಅಂಟಿದೆಯಾ? (ದಾವಣಗೆರೆ)

ಉತ್ತರ: ಮೊದಲು ಮಗಳನ್ನು ಎತ್ತಿಕೊಳ್ಳಿ ತಾಯಿ, ಉಳಿದದ್ದನ್ನು ಆಮೇಲೆ ಓದಿ.

ನಿಮ್ಮ ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ. ಮಲದಿಂದ ವಾಂತಿಭೇದಿ, ಟೈಫಾಯಿಡ್, ಒಂದು ಬಗೆಯ ಕಾಮಾಲೆ ಹರಡುವುದು ನಿಜ. ಆದರೆ ಆ ಕ್ರಿಮಿಗಳು ಬಾಯಿಯ ಮೂಲಕ ಒಳಗೆ ಹೋಗಬೇಕು, ಗಾಯವಿಲ್ಲದ ಚರ್ಮವನ್ನು ದಾಟಿ ಹೋಗುವುದಿಲ್ಲ. ಅವತ್ತೇ ಸೋಪು ಹಾಕಿ ಕೈ ಮುಖ ತೊಳೆದಾಗಲೇ ಆ ಕೆಲಸ ಮುಗಿಯಿತು. ಆಮೇಲಿನ ಸ್ನಾನಗಳಿಂದ ಹೆಚ್ಚೇನೂ ಸಿಕ್ಕಿಲ್ಲ. ಇನ್ನೊಂದು ಮಾತು, ಒಂದೂವರೆ ವರ್ಷದಿಂದ ಮಗಳ ಕುಂಡಿ ತೊಳೆದದ್ದು ಇದೇ ಕೈ ಅಲ್ವಾ? ತೊಳೆದು, ಸೋಪು ಹಾಕಿ, ಅದೇ ಕೈಯಲ್ಲಿ ಅನ್ನ ಕಲಸಿ ತುತ್ತು ಕೊಟ್ಟಿದ್ದೀರಿ, ಅವಳು ಬೆಳೆದಿದ್ದಾಳೆ.

ಈಗ ನನಗೆ ಚಿಂತೆ ಇರುವುದು ನಿಮ್ಮ ಕೈಯದ್ದು. ಹುಣಸೆಹುಳಿ ತಾಗಿ ಉರಿಯುತ್ತಿದೆ ಅಂದರೆ ಚರ್ಮ ಬಿರಿದಿದೆ, ಕ್ರಿಮಿ ಒಳಗೆ ಹೋಗಲು ದಾರಿ ಆಗುವುದು ಅಂಥ ಬಿರುಕೇ. ಡೆಟಾಲ್ ಎತ್ತಿಡಿ. ಸಾದಾ ಸೋಪು, 20 ಸೆಕೆಂಡು, ಉಗುರಿನ ಸಂದಿ ಸೇರಿಸಿ, ಅಷ್ಟು ಸಾಕು. ಅದೂ ಕಕ್ಕಸಿಗೆ ಹೋಗಿ ಬಂದ ಮೇಲೆ, ಅಡುಗೆಗೆ, ಊಟಕ್ಕೆ, ಮಗುವಿಗೆ ತಿನ್ನಿಸುವುದಕ್ಕೆ ಮುಂಚೆ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಬಚ್ಚಲನ್ನು ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವುದಾದರೆ ಅದರ ಜೊತೆ ಆಸಿಡ್ ಆಗಲಿ, ಕಮೋಡು ತೊಳೆಯುವ ಲಿಕ್ವಿಡ್ ಆಗಲಿ ಖಂಡಿತ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ, ಈ ಕ್ರಿಮಿಗಿಂತ ಅದಕ್ಕೆ ಜಾಸ್ತಿ ಹೆದರಬೇಕು.

ವಾಂತಿಭೇದಿ ಬರುವುದಿದ್ದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲೇ ಶುರುವಾಗುತ್ತದೆ. ಟೈಫಾಯಿಡ್, ಕಾಮಾಲೆ ಮಾತ್ರ ನಿಧಾನ. ಹಾಗಾಗಿ ಇನ್ನೆರಡು ತಿಂಗಳೊಳಗೆ ಬಿಡದ ಜ್ವರ ಬಂದರೆ, ಕಣ್ಣು ಹಳದಿಯಾದರೆ, ಡಾಕ್ಟರಿಗೆ ಈ ಸಂಗತಿಯನ್ನೂ ಹೇಳಿ. ಬರುತ್ತದೆ ಅಂತ ಹೇಳುತ್ತಿಲ್ಲ, ಬರುವ ಸಂಭವ ತುಂಬಾ ಕಡಿಮೆ.

ಕೈ ತೊಳೆಯಬೇಕು ಅನ್ನೋ ತಳಮಳ ಮತ್ತೆ ಬರುತ್ತದೆ. ಬಂದಾಗ ನಲ್ಲಿ ಹತ್ತಿರ ಹೋಗದೆ ಸ್ವಲ್ಪ ಹೊತ್ತು ಕೂತು ನೋಡಿ, ಅದು ತಾನಾಗಿ ಇಳಿಯುತ್ತದೆ. ಎರಡು ಮೂರು ವಾರ ಕಳೆದರೂ ಬಿಡದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಮನಸ್ಸಿನ ತೊಂದರೆಗಳಿಗೆ ಇರುವ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇದನ್ನು ಯಜಮಾನರಿಗೂ ಓದಿಸಿ. ಅವರು ನಗುವುದು ಬಿಟ್ಟು, ಇವತ್ತು ಸಂಜೆ ಮಗಳನ್ನು ತಾವೇ ತಂದು ನಿಮ್ಮ ಮಡಿಲಲ್ಲಿ ಕೂರಿಸಲಿ.