ಬಟರ್‌ಫ್ಲೈನಲ್ಲಿ ಕೈ ಮೇಲೇಳದಿದ್ದರೆ ತಲೆ ನೋಡಿಕೊಳ್ಳಿ

ಈಜಿನಲ್ಲಿ ಫ್ರೀಸ್ಟೈಲ್ ಬರುತ್ತದೆ, ಆದರೆ ಎರಡೂ ಕೈಯನ್ನು ಒಟ್ಟಿಗೆ ಬೀಸುವ ಬಟರ್‌ಫ್ಲೈನಲ್ಲಿ ಹತ್ತು ಮೀಟರ್ ದಾಟುವಷ್ಟರಲ್ಲಿ ಕೈ ನೀರಿನಿಂದ ಮೇಲೇಳುವುದೇ ಇಲ್ಲ, ಜಿಮ್‌ಗೆ ಹೋಗಿ ಭುಜ ಗಟ್ಟಿ ಮಾಡಿಕೊಳ್ಳಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ನೀವು ಹೇಳಿದ ಲಕ್ಷಣ ನೋಡಿದರೆ ತಪ್ಪುತ್ತಿರುವುದು ತಲೆ.

ನಾನು ಈಜು ಕಲಿತದ್ದು ಕಲಬುರಗಿ ಹತ್ತಿರದ ನಮ್ಮ ಹೊಲದ ಬಾವಿಯಲ್ಲಿ, ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು. ಬಾವಿಯಲ್ಲಿ ಈಸಿದವರ ತಲೆ ಸದಾ ನೀರ ಮೇಲೆಯೇ ಇರುತ್ತದೆ. ಗೋಡೆಯ ಕಲ್ಲು, ಪಂಪಿನ ಪೈಪು, ಮೇಲಿಂದ ಜಿಗಿಯುವ ಹುಡುಗರು ಎಲ್ಲವೂ ಕಣ್ಣಿಗೆ ಬೀಳಬೇಕಲ್ಲ. ದೊಡ್ಡವನಾದ ಮೇಲೆ ನಗರದ ಈಜುಕೊಳದಲ್ಲಿ ಬಟರ್‌ಫ್ಲೈ ಶುರು ಮಾಡಿದಾಗ ಅದೇ ರೂಢಿ ಕಾಡಿತು. ಒಂದು ದಿನ ದಂಡೆ ಮೇಲೆ ನಿಂತಿದ್ದ ಕೋಚ್ ಕೂಗಿದರು: “ಕೈ ಮರೀರಿ! ಕೈ ಬೀಳೂಕಿಂತ ಮೊದ್ಲ ತಲಿ ಬೀಳಬೇಕು.”

ಅಷ್ಟೇ ವಿಷಯ. ತಲೆ ಎದ್ದಷ್ಟೂ ಸೊಂಟ ಮುಳುಗುತ್ತದೆ, ತಕ್ಕಡಿ ಇದ್ದ ಹಾಗೆ. ಸೊಂಟ ಮುಳುಗಿದರೆ ಮೈ ನೀರಿನಲ್ಲಿ ನೆಟ್ಟಗೆ ನಿಲ್ಲುತ್ತದೆ; ಹಾಗೆ ನಿಂತ ಮೈಯಿಂದ ಎರಡೂ ಕೈಯನ್ನು ಒಟ್ಟಿಗೆ ಹೊರಗೆಳೆಯಲು ಪೈಲ್ವಾನನಿಗೂ ಕಷ್ಟ. ಉಸಿರಿಗೆ ಗದ್ದವನ್ನು ನೀರಿಗೆ ತಾಗುವಷ್ಟು ಮಾತ್ರ ಎತ್ತಿ, ಕೈಗಳು ಭುಜ ದಾಟಿ ಮುಂದೆ ಬರುವಷ್ಟರಲ್ಲಿ ಮುಖ ಮತ್ತೆ ಒಳಗಿರಲಿ. ಪ್ರತಿ ಸಲ ಉಸಿರು ಬೇಡ, ಎರಡು ಸ್ಟ್ರೋಕ್‌ಗೆ (ಎರಡು ಸಲ ಕೈ ಬೀಸಿದರೆ) ಒಮ್ಮೆ ಸಾಕು.

ಇನ್ನು ಕಿಕ್, ಅಂದರೆ ಎರಡೂ ಕಾಲು ಜೋಡಿಸಿ ನೀರನ್ನು ಒದೆಯುವುದು. ಒಂದು ಸ್ಟ್ರೋಕ್‌ಗೆ ಎರಡು: ಕೈ ನೀರಿಗೆ ಇಳಿಯುವಾಗ ಒಂದು, ಕೈ ತೊಡೆಯ ಹತ್ತಿರ ತಳ್ಳಿ ಹೊರಬರುವಾಗ ಇನ್ನೊಂದು. ಕೈ ಮೇಲೇಳಲು ನೆರವಾಗುವುದು ಆ ಎರಡನೆಯದು, ನಾವು ಮರೆಯುವುದೂ ಅದನ್ನೇ. ಮೊಣಕಾಲು ಮಡಚಿ ಹೊಡೆದರೆ ಬರೀ ನೀರು ಚಿಮ್ಮುತ್ತದೆ. ಎದೆಯನ್ನು ಕೆಳಗೆ ಒತ್ತಿ, ಸೊಂಟ ತಾನೇ ಏಳಲಿ, ಅಲೆ ಕಾಲಿನವರೆಗೆ ಹರಿಯಲಿ.

ನಾನು ಎರಡು ವಾರ ಕೈಯನ್ನೇ ಬೀಸಲಿಲ್ಲ. ಕೈ ಮೈಗೆ ಅಂಟಿಸಿ ಎದೆ ಒತ್ತುವುದು, ಸೊಂಟ ಎತ್ತುವುದು, ಅಷ್ಟೇ. ಆಮೇಲೆ ಒಂದು ಕೈ ಮುಂದೆ ಚಾಚಿ ಇನ್ನೊಂದರಿಂದ ಮಾತ್ರ ಸ್ಟ್ರೋಕ್, ಉಸಿರು ಪಕ್ಕಕ್ಕೆ. ಆಮೇಲೆ ಪೂರ್ತಿ ಸ್ಟ್ರೋಕ್ ಮೂರೇ ಮೂರು, ನಿಲ್ಲು. ಲಯ ಕೆಟ್ಟ ಮೇಲೂ ಎಳೆದಾಡಿದರೆ ಮೈ ಆ ತಪ್ಪನ್ನೇ ಕಲಿಯುತ್ತದೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಫಿನ್ಸ್ (ಪಾದಕ್ಕೆ ಹಾಕುವ ಈಜುರೆಕ್ಕೆ) ಸಿಕ್ಕರೆ ಹಾಕಿಕೊಳ್ಳಿ, ಅಲೆ ಬೇಗ ಅರ್ಥವಾಗುತ್ತದೆ. ಕೈ ಭುಜದ ಅಗಲಕ್ಕೇ ಇಳಿಯಲಿ, ನೀರಿಗೆ ಹತ್ತಿರವಾಗಿಯೇ ಬೀಸಿ ಬರಲಿ. ಭುಜದೊಳಗೆ ಚುಚ್ಚಿದಂತಾದರೆ ಆವತ್ತಿಗೆ ಮುಗಿಸಿ.

ಸಜನ್ ಪ್ರಕಾಶ್ ಅವರ ವಿಡಿಯೊ ಸಿಕ್ಕರೆ ನಿಧಾನಗತಿಯಲ್ಲಿ ನೋಡಿ. 2021ರಲ್ಲಿ ರೋಮ್‌ನಲ್ಲಿ 200 ಮೀಟರ್ ಬಟರ್‌ಫ್ಲೈಯನ್ನು 1 ನಿಮಿಷ 56.38 ಸೆಕೆಂಡಿನಲ್ಲಿ ಮುಗಿಸಿ, ಒಲಿಂಪಿಕ್ಸ್‌ಗೆ ನೇರ ಅರ್ಹತೆ ಪಡೆದ ಮೊದಲ ಭಾರತೀಯ ಈಜುಗಾರ ಅವರು. ಕೈ ನೋಡಬೇಡಿ, ಗದ್ದ ನೋಡಿ.

ನಮ್ಮ ಕಡೆ ಬೇಸಿಗೆಯಲ್ಲಿ ಸಂಜೆ ಕೊಳದ ತುಂಬ ಮಕ್ಕಳಿರುತ್ತಾರೆ, ಬೀಸಿದ ಕೈ ಯಾರಿಗಾದರೂ ತಾಗಿಯೇ ತಾಗುತ್ತದೆ. ಬೆಳಿಗ್ಗೆ ಮೊದಲ ಬ್ಯಾಚಿಗೆ ಹೋಗಿ.